ಅಜಾಯಿ ಕ್ರೌಥರ್ ಮತ್ತು ನೈಜರ್ ಮಿಶನ್

ಮಿಶನರಿ ಎಂದೊಡನೆ ನಮ್ಮ ಕಣ್ಣ ಮುಂದೆ ನಿಲ್ಲುವುದು ಬಿಳಿಯ ಪಾದ್ರಿ. ಸ್ಯಾಮುಯೆಲ್ ಅಜಾಯಿ ಕ್ರೌಥರ್ ಹಾಗಿರಲಿಲ್ಲ. ಅವರು ಇಂದಿನ ನೈಜೀರಿಯಾದ ಯೊರುಬಾ ಜನಾಂಗದವರು. 1821ರಲ್ಲಿ ಬಾಲಕನಾಗಿದ್ದಾಗ ಅವರ ಊರಿಗೆ ನುಗ್ಗಿ ಹಿಡಿದೊಯ್ದವರಲ್ಲಿ ಮುಸ್ಲಿಮರೂ ಇದ್ದರು. ಇದನ್ನು ನಾವು ಮುಚ್ಚಿಡಬೇಕಾಗಿಲ್ಲ. ಗುಲಾಮರ ಹಡಗಿನಿಂದ 1822ರಲ್ಲಿ ಬ್ರಿಟಿಷ್ ನೌಕಾಪಡೆ ಬಿಡಿಸಿ ಫ್ರೀಟೌನಿಗೆ ತಂದಿತು. ಅಲ್ಲಿ ಚರ್ಚ್ ಮಿಶನರಿ ಸೊಸೈಟಿಯ ಆಶ್ರಯದಲ್ಲಿ ಓದಿ, 1827ರಲ್ಲಿ ಫೂರಾ ಬೇ ಕಾಲೇಜಿನ ಮೊದಲ ವಿದ್ಯಾರ್ಥಿಗಳಲ್ಲಿ ಒಬ್ಬರಾದರು.

ಸ್ಥಳೀಯ ಚರ್ಚ್ ತನ್ನ ಖರ್ಚನ್ನು ತಾನೇ ಭರಿಸಬೇಕು, ತನ್ನ ಆಡಳಿತ ತಾನೇ ನಡೆಸಬೇಕು, ತಾನೇ ಬೆಳೆಯಬೇಕು. ಆಮೇಲೆ ಪರದೇಶದ ಮಿಶನರಿ ಜಾಗ ಬಿಡಬೇಕು. ಇದು ಸೊಸೈಟಿಯ ಕಾರ್ಯದರ್ಶಿ ಹೆನ್ರಿ ವೆನ್‌ರ ನಿಲುವು. ಅವರ ಒತ್ತಾಸೆಯಿಂದ 1864ರಲ್ಲಿ ಕ್ರೌಥರ್ ಆಂಗ್ಲಿಕನ್ ಚರ್ಚಿನ ಪ್ರಥಮ ಆಫ್ರಿಕನ್ ಬಿಷಪ್ ಆದರು. ನೈಜರ್ ತೀರದಲ್ಲಿ ಆಫ್ರಿಕನ್ ಸಹಾಯಕರನ್ನೇ ಇಟ್ಟುಕೊಂಡು ದುಡಿದರು. ಬೈಬಲಿನ ಯೊರುಬಾ ಅನುವಾದಕ್ಕೆ ಮುಂದಾಳಾದರು. ಮುಸ್ಲಿಂ ಅಮೀರರ ಮುಂದೆ ವಾದಕ್ಕಿಳಿಯದೆ, ಕೇಳಿದ ಪ್ರಶ್ನೆಗೆ ತಮ್ಮ ಗ್ರಂಥದಿಂದಲೇ ಉತ್ತರಿಸುತ್ತಿದ್ದರು. ನಮ್ಮ ವೇದಿಕೆಯ ಭಾಷಣಕಾರರಲ್ಲೂ ಈ ಸಂಯಮ ಇದ್ದಿದ್ದರೆ!

ವೆನ್ 1873ರಲ್ಲಿ ತೀರಿಕೊಂಡರು. 1890ರಲ್ಲಿ ಇಂಗ್ಲೆಂಡಿನಿಂದ ಬಂದ ಯುವ ಮಿಶನರಿಗಳು ಆಫ್ರಿಕನ್ ಪಾದ್ರಿಗಳನ್ನು ಅನರ್ಹರೆಂದು ಅಮಾನತುಗೊಳಿಸಿದರು. ವೃದ್ಧ ಬಿಷಪರು ಮನನೊಂದು ಮಿಶನಿನ ಸಮಿತಿಗೆ ರಾಜೀನಾಮೆ ಕೊಟ್ಟರು. 1891ರ ಡಿಸೆಂಬರ್ 31ರಂದು ಲಾಗೋಸಿನಲ್ಲಿ ನಿಧನರಾದರು. ಅವರ ಸ್ಥಾನಕ್ಕೆ ಬಂದವರು ಒಬ್ಬ ಯುರೋಪಿಯನ್. ನೈಜರ್ ಡೆಲ್ಟಾದ ಸಭೆಗಳು ಮಾತ್ರ 1892ರಲ್ಲಿ ಕ್ರೌಥರರ ಮಗ ಡ್ಯಾಂಡಿಸನ್‌ರ ನಾಯಕತ್ವದಲ್ಲಿ ಸೊಸೈಟಿಯಿಂದ ಬೇರೆಯಾಗಿ, ಸ್ವಂತ ಹಣದಲ್ಲೇ ನಡೆಯತೊಡಗಿದವು.