ಬಾಳೆಯ ಬ್ಯಾಕ್ಟೀರಿಯಾ ಸೊರಗು ರೋಗ

ಪೂರ್ವ ಮತ್ತು ಮಧ್ಯ ಆಫ್ರಿಕದ ಬಾಳೆ, ಎನ್ಸೆಟ್ ಬೆಳೆಗಳನ್ನು ಕಾಡುವ ಮಾರಕ ರೋಗ. ಕಾರಣ ಕ್ಸಾಂತೊಮೊನಾಸ್ ಕುಲದ ಬ್ಯಾಕ್ಟೀರಿಯಾ. 1968ರಲ್ಲಿ ಇಥಿಯೋಪಿಯದ ಎನ್ಸೆಟ್‌ನಲ್ಲಿ ಇದನ್ನು ಮೊದಲು ವಿವರಿಸಲಾಯಿತು. ಬಾಳೆಯ ಈ ಬಂಧುವನ್ನು ಅಲ್ಲಿ ಬೆಳೆಯುವುದು ಹಣ್ಣಿಗಲ್ಲ, ದಿಂಡು ಮತ್ತು ಗೆಡ್ಡೆಯ ಪಿಷ್ಟಕ್ಕೆ. ಲಕ್ಷಾಂತರ ಜನರ ನಿತ್ಯದ ಊಟವೇ ಅದು. 2001ರಲ್ಲಿ ಉಗಾಂಡದ ಬಾಳೆತೋಟಗಳಲ್ಲಿ ಕಾಣಿಸಿಕೊಂಡ ಮೇಲೆ ರೋಗ ಕಾಂಗೊ, ರುವಾಂಡ, ತಾಂಜಾನಿಯ, ಕೀನ್ಯ, ಬುರುಂಡಿಗಳಿಗೂ ಹಬ್ಬಿತು.

ಎಲೆ ಹಳದಿಯಾಗಿ ಜೋತುಬೀಳುತ್ತದೆ, ಕಾಯಿ ಅಕಾಲದಲ್ಲಿ ಹಣ್ಣಾಗಿ ತಿರುಳು ಕಂದುತ್ತದೆ. ದಿಂಡು ಕೊಯ್ದರೆ ಹಳದಿ ಲೋಳೆ ಒಸರುತ್ತದೆ. ಗೊನೆತುದಿಯ ಮೂತಿಗೆ (ಕರಾವಳಿಯ ಪೂಂಬೆ) ಬರುವ ಕೀಟಗಳು, ರೋಗದ ಕಂದು, ತೊಳೆಯದ ಕತ್ತಿ ಇವೇ ಹರಡುವ ಹಾದಿಗಳು. ಕೊನೆಯದಂತೂ ರೈತನ ಕೈಯಿಂದಲೇ ಆಗುವ ಅನಾಹುತ. ಆದ್ದರಿಂದ ಮೂತಿಯನ್ನು ಕತ್ತಿ ಮುಟ್ಟಿಸದೆ ಕವೆಗೋಲಿನಿಂದ ತಿರುಚಿ ಮುರಿಯುತ್ತಾರೆ. ಹತಾರಗಳನ್ನು ಬೆಂಕಿಗೆ ಹಿಡಿದು ಅಥವಾ ಬ್ಲೀಚಿನಲ್ಲಿ ಅದ್ದಿ ಶುದ್ಧಮಾಡುತ್ತಾರೆ. ರೋಗ ತಗುಲಿದ ಗಿಡವನ್ನು ಗುಣಪಡಿಸುವ ಔಷಧವಿಲ್ಲ. ನಂಜನಗೂಡು ರಸಬಾಳೆಯನ್ನು ಕಂಗೆಡಿಸಿದ ಪನಾಮ ಸೊರಗು ಬೇರೆಯದು. ಅದು ಶಿಲೀಂಧ್ರದಿಂದ ಬರುತ್ತದೆ.