ಮೂರು ಸಾಕ್ಷಿ, ಐವರು ಪಂಚರು, ಒಂದು ರಹದಾರಿ

ಹಳೆ ಮೈಸೂರು ಸೀಮೆಯ ಹಿಂದೂ ಮದುವೆಗಳಿಗೆ ಸರ್ಕಾರದ ಲೈಸೆನ್ಸ್ ಎಂಬುದು ಎಂದೂ ಇರಲಿಲ್ಲ. ಇದ್ದದ್ದು ಸುಂಕ. ವಿಜಯನಗರ ಕಾಲದ ಶಾಸನಗಳಲ್ಲಿ ಮದುವೆ ಸುಂಕದ ಪ್ರಸ್ತಾಪ ಬರುತ್ತದೆ. ಕೃಷ್ಣದೇವರಾಯನ ಆಳ್ವಿಕೆಯಲ್ಲಿ ಕೆಲವು ಸೀಮೆಗಳಿಗೆ ಅದನ್ನು ಮನ್ನಾ ಮಾಡಿದ್ದೂ ಕಲ್ಲಿನ ಮೇಲೆ ಉಳಿದಿದೆ. ಕಲ್ಲಿನಲ್ಲಿ ಹೋದ ಸುಂಕ ಕಡತದಲ್ಲಿ ಮತ್ತೆ ಹುಟ್ಟಿಕೊಂಡಿತು. 1834ರಿಂದ 1861ರವರೆಗೆ ಮೈಸೂರಿನ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್ ಕಾಲದಲ್ಲಿ 769 ಚಿಲ್ಲರೆ ತೆರಿಗೆಗಳನ್ನು ತೆಗೆದುಹಾಕಲಾಯಿತು. ಆ ಪಟ್ಟಿಯಲ್ಲಿ ಮದುವೆಯಾದರೆ ಒಂದು, ಮಗು ಹುಟ್ಟಿದರೆ ಒಂದು, ಅದಕ್ಕೆ ಹೆಸರಿಟ್ಟರೆ ಒಂದು, ತಲೆಗೂದಲು ತೆಗೆಸಿದರೆ ಇನ್ನೊಂದು ತೆರಿಗೆ ಇದ್ದವು. ಹಿಂದೆಂದೋ ಪಾಳೇಗಾರನ ಕುದುರೆ ತಪ್ಪಿಸಿಕೊಂಡಾಗ ಊರಿನ ಹಿರೀಕರು ಹುಡುಕಿಕೊಡಲಿಲ್ಲವೆಂದು ಅವರ ಮೊಮ್ಮಕ್ಕಳು, ಮರಿಮಕ್ಕಳು ಕಟ್ಟುತ್ತ ಬಂದ ದಂಡವೂ ಅದರಲ್ಲಿತ್ತು.

ತುಮಕೂರಿನ ಪಕ್ಕದ ಊರು ಕ್ಯಾತ್ಸಂದ್ರ ಆಗ ಇದ್ದದ್ದು ಚಿತ್ರದುರ್ಗ ವಿಭಾಗದಲ್ಲಿ. ಹೆಸರು ಚಿತ್ರದುರ್ಗದ್ದಾದರೂ ವಿಭಾಗದ ಕೇಂದ್ರ ತುಮಕೂರು. ಅಲ್ಲಿ ದೀರ್ಘಕಾಲ ಸೂಪರಿಂಟೆಂಡೆಂಟ್ ಆಗಿದ್ದವನು ಡಾಬ್ಸ್. ಬೆಂಗಳೂರು ದಾರಿಯ ದಾಬಸ್‌ಪೇಟೆಗೆ ಅವನದೇ ಹೆಸರು.

ಸುಂಕ ಹೋದ ಮೇಲೂ ಮದುವೆಯನ್ನು ಬರೆದಿಡುವ ಸರ್ಕಾರಿ ಪುಸ್ತಕ ಬರಲಿಲ್ಲ. ಲಗ್ನಪತ್ರಿಕೆ ಬರೆಯುವ ದಿನ ಎರಡೂ ಕಡೆಯ ಹಿರಿಯರು ಕೂತು ವೀಳ್ಯ ಬದಲಾಯಿಸಿಕೊಂಡರೆ ಮಾತು ಗಟ್ಟಿ. ಧಾರೆಯ ಹೊತ್ತಿಗೆ ಚಪ್ಪರದ ಕೆಳಗೆ ಇದ್ದವರೆಲ್ಲ ಸಾಕ್ಷಿ. ಬರವಣಿಗೆ ಎಂದು ಇದ್ದರೆ ಅದು ಮುಯ್ಯಿ ಪುಸ್ತಕ. ಊಟದ ಪಂಕ್ತಿಯ ಪಕ್ಕ ಅಕ್ಷರ ಬಲ್ಲ ಒಬ್ಬರು ಕೂತು, ಯಾವ ಊರಿನ ಯಾರು ಎಷ್ಟು ಮುಯ್ಯಿ ಹಾಕಿದರು ಎಂದು ಸಾಲಾಗಿ ಬರೆದುಕೊಳ್ಳುತ್ತಿದ್ದರು. ಮುಂದೆ ಅವರ ಮನೆಯ ಮದುವೆಗೆ ಅಷ್ಟನ್ನಾದರೂ ತೀರಿಸಬೇಕಲ್ಲ, ಅದಕ್ಕಾಗಿ ಆ ಪುಸ್ತಕವನ್ನು ಜೋಪಾನವಾಗಿ ಇಡುತ್ತಿದ್ದರು. ಮದುವೆ ನಡೆಯಿತೆಂಬುದಕ್ಕೆ ಯಾವ ನೋಂದಣಿ ಪುಸ್ತಕದಲ್ಲೂ ಅಷ್ಟೊಂದು ಸಾಕ್ಷಿಗಳ ಹೆಸರು ಸಿಗಲಾರದು.

ಮದುವೆಯ ಒಳಗೆ ಮೈಸೂರು ಸರ್ಕಾರ ಮೊದಲು ಕೈಹಾಕಿದ್ದು ವಯಸ್ಸಿನ ವಿಷಯದಲ್ಲಿ. 1894ರ ಶಿಶುವಿವಾಹ ತಡೆ ಕಾನೂನು ಎಂಟು ವರ್ಷ ತುಂಬದ ಹೆಣ್ಣುಮಗುವಿನ ಮದುವೆಯನ್ನೂ, ಐವತ್ತು ದಾಟಿದ ಗಂಡಸು ಹದಿನಾಲ್ಕರ ಒಳಗಿನ ಹುಡುಗಿಯನ್ನು ಕಟ್ಟಿಕೊಳ್ಳುವುದನ್ನೂ ಅಪರಾಧವಾಗಿಸಿತು. ಇಂದಿನ ಕಣ್ಣಿಗೆ ಎಂಟು ವರ್ಷವೆಂಬುದು ನಾಚಿಕೆ ತರುವ ಮಿತಿ. ಆದರೆ ಬ್ರಿಟಿಷ್ ಇಂಡಿಯಾದಲ್ಲಿ ಶಾರದಾ ಕಾಯ್ದೆ ಬಂದು ಹೆಣ್ಣಿಗೆ ಹದಿನಾಲ್ಕು ಎಂದು ಗೊತ್ತುಮಾಡಿದ್ದು 1929ರಲ್ಲಿ, ಅಂದರೆ ಮೂವತ್ತೈದು ವರ್ಷ ತಡವಾಗಿ.

ಜಾತಿ, ಮತ ಮೀರಿ ಕಚೇರಿಯಲ್ಲಿ ಮದುವೆಯಾಗುವ ದಾರಿಯನ್ನು ಬ್ರಿಟಿಷ್ ಇಂಡಿಯಾದಲ್ಲಿ ತೆರೆದದ್ದು 1872ರ ಕಾಯ್ದೆ. ಅದರಡಿ ಮದುವೆಯಾಗುವವರು ತಾವು ಯಾವ ಮುಖ್ಯ ಮತಕ್ಕೂ ಸೇರಿದವರಲ್ಲ ಎಂದು ಬರೆದುಕೊಡಬೇಕಿತ್ತು. ಆ ಷರತ್ತು ಪೂರ್ತಿಯಾಗಿ ಹೋದದ್ದು 1954ರ ವಿಶೇಷ ವಿವಾಹ ಕಾಯ್ದೆಯಿಂದ. ಬೇರೆ ದೇಶಗಳ ಮದುವೆ ಲೈಸೆನ್ಸಿಗೆ ನಮ್ಮಲ್ಲಿ ಹತ್ತಿರದ ಸಂಗತಿ ಎಂದರೆ ಇದರ ನೋಟೀಸು. ಹುಡುಗ, ಹುಡುಗಿಯರಲ್ಲಿ ಒಬ್ಬರಾದರೂ ಮೂವತ್ತು ದಿನ ಆ ಜಿಲ್ಲೆಯಲ್ಲಿ ವಾಸವಿರಬೇಕು. ಅರ್ಜಿ ಕೊಟ್ಟ ಮೇಲೆ ನೋಟೀಸನ್ನು ಕಚೇರಿಯಲ್ಲಿ ಎಲ್ಲರಿಗೂ ಕಾಣುವ ಕಡೆ ಅಂಟಿಸುತ್ತಾರೆ. ಮೂವತ್ತು ದಿನದೊಳಗೆ ಯಾರು ಬೇಕಾದರೂ ತಕರಾರು ಎತ್ತಬಹುದು. ಆಮೇಲೆ ಮೂವರು ಸಾಕ್ಷಿಗಳ ಎದುರು ಸಹಿ. ಮನೆಯವರ ಒಪ್ಪಿಗೆ ಇಲ್ಲದೆ ಬಂದ ಜೋಡಿಗೆ ಆ ಹಲಗೆ ಮೇಲಿನ ಹಾಳೆಯಷ್ಟು ಭಯ ಹುಟ್ಟಿಸುವ ವಸ್ತು ಇನ್ನೊಂದಿಲ್ಲ. ಕಾಯ್ದೆ ಕೊಟ್ಟ ಧೈರ್ಯವನ್ನು ನೋಟೀಸು ಅರ್ಧ ಕಿತ್ತುಕೊಳ್ಳುತ್ತದೆ.

ಮನೆಯವರೇ ಮಾಡಿಸಿದ ಮದುವೆಗೆ ಈ ಕಷ್ಟವಿಲ್ಲ. 1955ರ ಹಿಂದೂ ವಿವಾಹ ಕಾಯ್ದೆ ನೋಂದಣಿಗೆ ಅವಕಾಶ ಇಟ್ಟಿತು. ಕಡ್ಡಾಯ ಮಾಡುವ ಕೆಲಸವನ್ನು ರಾಜ್ಯಗಳಿಗೆ ಬಿಟ್ಟಿತು. ಕರ್ನಾಟಕ ಕಡ್ಡಾಯದ ಕಾನೂನು ಮಾಡಿತಾದರೂ 1976ರ ಹೆಸರು ಹೊತ್ತ ಆ ಕಾಯ್ದೆ ಪುಸ್ತಕ ಸೇರಿದ್ದು 1984ರ ಎರಡನೇ ಕಾಯ್ದೆಯಾಗಿ. 2006ರ ಫೆಬ್ರವರಿ 14ರಂದು ಸುಪ್ರೀಂ ಕೋರ್ಟು ಸೀಮಾ ಪ್ರಕರಣದಲ್ಲಿ ಎಲ್ಲ ಮತದವರ ಮದುವೆಗೂ ನೋಂದಣಿ ಬೇಕೆಂದಾಗ, ಕಡ್ಡಾಯ ನೋಂದಣಿಗೆ ಆಗಲೇ ಇದ್ದ ನಾಲ್ಕು ಕಾನೂನುಗಳಲ್ಲಿ ಕರ್ನಾಟಕದ್ದೂ ಒಂದೆಂದು ಗುರುತಿಸಿತು. ಕಾನೂನು ಇದ್ದರೂ ಜನ ಸಬ್ ರಿಜಿಸ್ಟ್ರಾರ್ ಆಫೀಸಿನ ಮೆಟ್ಟಿಲು ಹತ್ತಿದ್ದು ಕಾನೂನಿಗಾಗಿ ಅಲ್ಲ. ಲಗ್ನಪತ್ರಿಕೆ, ತಾಳಿ ಕಟ್ಟುವಾಗಿನ ಫೋಟೋ, ಮೂವರು ಸಾಕ್ಷಿಗಳನ್ನು ಕಟ್ಟಿಕೊಂಡು ಅಲ್ಲಿಗೆ ಬರುವ ಜೋಡಿಯನ್ನು ಕೇಳಿದರೆ, ಹೆಚ್ಚಿನ ಸಲ ಒಬ್ಬರಿಗೆ ವೀಸಾ ಆಗಬೇಕಿರುತ್ತದೆ.

ಕನ್ನಡದಲ್ಲಿ ಪಾಸ್‌ಪೋರ್ಟಿಗೆ ರಹದಾರಿ ಎಂಬ ಹಳೆಯ ಮಾತಿದೆ. ದಾರಿಯ ಸುಂಕದ ಕಟ್ಟೆಗಳಲ್ಲಿ ತೋರಿಸುತ್ತಿದ್ದ ಪರವಾನಗಿಗೆ ಇದ್ದ ಹೆಸರು ಅದು. ಕಟ್ಟೆಗಳ ಕಾಲ ಮುಗಿದು ಎಷ್ಟೋ ವರ್ಷವಾದ ಮೇಲೆ ಕ್ಯಾತ್ಸಂದ್ರದ ಹೆದ್ದಾರಿಯಲ್ಲಿ ಟೋಲ್ ಬಂತು. ಈಗ ತಟ್ಟೆ ಇಡ್ಲಿಯಷ್ಟೇ ಟೋಲಿನಿಂದಲೂ ಆ ಊರಿನ ಹೆಸರು ಪ್ರಯಾಣಿಕರಿಗೆ ಗೊತ್ತು.

ಪಾಸ್‌ಪೋರ್ಟ್ ಎಂಬ ಇಂಗ್ಲಿಷ್ ಪದವನ್ನು ಈ ಭಾಗದ ಸಾಮಾನ್ಯ ಜನ ಕೇಳಿದ್ದು ವಿದೇಶಯಾನದಿಂದಲ್ಲ, ರೋಗದಿಂದ. 1898ರ ಆಗಸ್ಟ್‌ನಲ್ಲಿ ಬೆಂಗಳೂರಿಗೆ ಪ್ಲೇಗ್ ಬಂತು. ಬೆಂಗಳೂರು–ತುಮಕೂರು ರೈಲು ಹಾದಿ 1884ರಲ್ಲೇ ಆಗಿದ್ದರಿಂದ ಜನರ ಓಡಾಟ ಹೆಚ್ಚಿತ್ತು. ಸೋಂಕಿನ ಊರುಗಳಿಂದ ಮದರಾಸು ಪ್ರಾಂತ್ಯಕ್ಕೆ ಹೋಗುವವರ ಕೈಗೆ ಪ್ಲೇಗ್ ಪಾಸ್‌ಪೋರ್ಟ್ ಕೊಟ್ಟು, ಹೋದ ಊರಿನಲ್ಲಿ ಹತ್ತು ದಿನ ಅಧಿಕಾರಿಯ ಮುಂದೆ ಮುಖ ತೋರಿಸುವಂತೆ ಮಾಡುತ್ತಿದ್ದರು.

ಕಡಲಾಚೆಗೆ ಹೋಗಲು ಪಾಸ್‌ಪೋರ್ಟ್ ಬೇಕೇಬೇಕು ಎಂಬ ಕಟ್ಟಳೆ ಬಂದದ್ದು ಮೊದಲ ಮಹಾಯುದ್ಧದ ಹೊತ್ತಿಗೆ. 1920ರಲ್ಲಿ ಬಂದ ಪಾಸ್‌ಪೋರ್ಟ್ ಕಾಯ್ದೆ ಭಾರತದೊಳಗೆ ಬರುವವರಿಗೆ ಮಾತ್ರ ಸಂಬಂಧಿಸಿದ್ದು. ಮೈಸೂರಿನ ಪ್ರಜೆ ಬ್ರಿಟಿಷ್ ಪ್ರಜೆಯಲ್ಲ, ಬ್ರಿಟಿಷರ ರಕ್ಷಣೆಗೆ ಒಳಪಟ್ಟವನು ಮಾತ್ರ ಎಂಬುದು ಆಗಿನ ಲೆಕ್ಕ. ಸ್ವಾತಂತ್ರ್ಯ ಬಂದು ಇಪ್ಪತ್ತು ವರ್ಷವಾದರೂ ಪಾಸ್‌ಪೋರ್ಟ್ ಕೊಡುವುದು ಬಿಡುವುದು ಸರ್ಕಾರದ ಮರ್ಜಿಯಾಗಿತ್ತು. 1967ರ ಏಪ್ರಿಲ್‌ನಲ್ಲಿ ಸತ್ವಂತ್ ಸಿಂಗ್ ಸಾಹ್ನಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ವಿದೇಶಕ್ಕೆ ಹೋಗುವುದೂ ವ್ಯಕ್ತಿಯ ಹಕ್ಕು ಎಂದಿತು. ಜೂನ್ ತಿಂಗಳಿನಲ್ಲೇ ಪಾಸ್‌ಪೋರ್ಟ್ ಕಾಯ್ದೆ ಬಂತು.

ತುಮಕೂರಿನವರಿಗೆ ಪಾಸ್‌ಪೋರ್ಟ್ ಎಂದರೆ ಬಹುಕಾಲ ಬೆಂಗಳೂರು. 2010ರಲ್ಲಿ ಪಾಸ್‌ಪೋರ್ಟ್ ಸೇವಾ ಯೋಜನೆಯ ಪ್ರಯೋಗ ಕರ್ನಾಟಕದಲ್ಲೇ ಶುರುವಾಯಿತು. 2017ರ ಜನವರಿಯಲ್ಲಿ ಅಂಚೆ ಕಚೇರಿಯೊಳಗಿನ ಪಾಸ್‌ಪೋರ್ಟ್ ಕೇಂದ್ರ ದೇಶದಲ್ಲಿ ಮೊದಲು ತೆರೆದದ್ದು ಮೈಸೂರು ಮತ್ತು ಗುಜರಾತಿನ ದಾಹೋದ್‌ನಲ್ಲಿ. ಬಳಿಕ ತುಮಕೂರಿಗೂ ಅಂಥದ್ದು ಬಂತು. ಗಂಡ ಅಥವಾ ಹೆಂಡತಿಯ ಹೆಸರು ಸೇರಿಸಲು ಮದುವೆ ಸರ್ಟಿಫಿಕೇಟ್ ಬೇಕೆಂಬ ನಿಯಮವನ್ನು 2016ರ ಡಿಸೆಂಬರ್‌ನಲ್ಲಿ ಕೈಬಿಟ್ಟರು. ಯಂತ್ರ ಬೆರಳಚ್ಚು ತೆಗೆದುಕೊಂಡ ಮೇಲೂ ಪೊಲೀಸ್ ವೆರಿಫಿಕೇಶನ್ ಮಾತ್ರ ಉಳಿದಿದೆ. ಠಾಣೆಯವರು ಬಂದು ಈ ಮನೆಯಲ್ಲಿ ಇವರು ಇದ್ದಾರೆಯೇ ಎಂದು ಅಕ್ಕಪಕ್ಕದವರನ್ನು ಕೇಳುವುದೂ ಉಂಟು. ಚಪ್ಪರದ ಕೆಳಗಿನ ಸಾಕ್ಷಿ ಇಲ್ಲಿ ಬೇರೆ ವೇಷದಲ್ಲಿ ಹಾಜರ್.

ಅದೇ ಸಾಕ್ಷಿ ತೀರ್ಪು ಹೇಳುವ ಜಾಗದಲ್ಲಿ ಕೂತದ್ದೂ ಉಂಟು. ಊರ ಕಟ್ಟೆಯ ಪಂಚಾಯ್ತಿ ಹಳೆಯದು. ಕಬ್ಬನ್ ಕಾಲದ ನ್ಯಾಯಾಲಯಗಳೂ ಪಂಚಾಯ್ತಿಯನ್ನು ಬಿಡಲಿಲ್ಲ. ಆಮೇಲೆ ಬ್ರಿಟಿಷ್ ಇಂಡಿಯಾದ ದಂಡಪ್ರಕ್ರಿಯಾ ಸಂಹಿತೆಯ ಮಾದರಿಯೇ ಮೈಸೂರಿಗೂ ಬಂತು. ಅದರಲ್ಲಿ ಸೆಷನ್ಸ್ ವಿಚಾರಣೆಗೆ ಎರಡು ದಾರಿ. ಜ್ಯೂರಿ ಕೂತರೆ ಅವರ ಮಾತಿಗೆ ತೀರ್ಪಿನ ತೂಕ. ಅಸೆಸರುಗಳು ಕೂತರೆ ಅವರದು ಬರೀ ಅಭಿಪ್ರಾಯ, ಜಡ್ಜ್ ಒಪ್ಪಬೇಕೆಂದೇನಿಲ್ಲ. 1898ರ ಸಂಹಿತೆಯ ಪ್ರಕಾರ ಪಟ್ಟಿಗೆ ಸೇರುವವರು ಇಪ್ಪತ್ತೊಂದರಿಂದ ಅರವತ್ತು ವರ್ಷದೊಳಗಿನ ಗಂಡಸರು. ಕರೆ ಬಂದರೂ ಹೋಗದಿದ್ದರೆ ನೂರು ರೂಪಾಯಿವರೆಗೆ ದಂಡ.

ಅಸೆಸರುಗಳನ್ನು 1955ರ ತಿದ್ದುಪಡಿ ತೆಗೆಯಿತು. 1958ರಲ್ಲಿ ಕಾನೂನು ಆಯೋಗ ಜ್ಯೂರಿಯೂ ಬೇಡವೆಂದಿತು. ಮರುವರ್ಷ ಮುಂಬೈಯಲ್ಲಿ ಕೊಲೆ ಆರೋಪ ಹೊತ್ತ ನೌಕಾಪಡೆಯ ಅಧಿಕಾರಿ ನಾನಾವತಿಯ ವಿಚಾರಣೆ. ಒಂಬತ್ತು ಜನರ ಜ್ಯೂರಿಯಲ್ಲಿ ಎಂಟು ಜನ ನಿರಪರಾಧಿ ಎಂದರು, ಜಡ್ಜ್ ಒಪ್ಪಲಿಲ್ಲ. ಆ ಒಂದು ಮೊಕದ್ದಮೆಯಿಂದಲೇ ಜ್ಯೂರಿ ಹೋಯಿತೆಂಬುದು ಸಿನಿಮಾಗಳು ಬೆಳೆಸಿದ ಕಥೆ. ಸಂಹಿತೆಯಿಂದ ಜ್ಯೂರಿ ಪೂರ್ತಿ ಮಾಯವಾದದ್ದು 1974ರ ಏಪ್ರಿಲ್ 1ರಂದು. ಉಳಿದಿರುವುದು ಪಾರ್ಸಿಗಳ ವಿವಾಹ ವ್ಯಾಜ್ಯಗಳಲ್ಲಿ ಮಾತ್ರ: ಅಲ್ಲಿ ಇಂದಿಗೂ ಜಡ್ಜ್ ಜೊತೆ ಐವರು ಪ್ರತಿನಿಧಿಗಳು ಕೂರುತ್ತಾರೆ.

ಕ್ಯಾತ್ಸಂದ್ರ, ಗುಬ್ಬಿ, ಕುಣಿಗಲ್ ಕಡೆಯ ಸಾಮಾನ್ಯನಿಗೆ ಜ್ಯೂರಿಗೆ ಬದಲಾಗಿ ಉಳಿದದ್ದು ಪಂಚನ ಕೆಲಸ. ಪೊಲೀಸರು ಜಾಗ ಶೋಧಿಸುವಾಗ ಅಲ್ಲಿನ ಇಬ್ಬರಾದರೂ ಮರ್ಯಾದಸ್ಥರು ಎದುರಿಗಿರಬೇಕು; ಬರೆದದ್ದಕ್ಕೆ ಅವರು ಸಹಿ ಹಾಕಬೇಕು. ಅದೇ ಮಹಜರು. ಐದರ ಲೆಕ್ಕ ಎರಡಕ್ಕೆ ಇಳಿದರೂ ಪಂಚರು ಎಂಬ ಹೆಸರು ಹೋಗಿಲ್ಲ. ಬರವಣಿಗೆ ಹೆಚ್ಚುಕಡಿಮೆ ಎಲ್ಲೆಡೆ ಒಂದೇ ಅಚ್ಚು: ಪಂಚರಾದ ನಾವು ಇಂಥ ದಿನ, ಇಂಥ ಹೊತ್ತಿಗೆ ಹಾಜರಿದ್ದು ಎಂದು ಆರಂಭ, ಚೆಕ್ಕುಬಂದಿ, ಸಿಕ್ಕ ಮಾಲಿನ ವಿವರ, ಕೊನೆಗೆ ಓದಿ ಹೇಳಿದ್ದು ಸರಿಯಿದೆ ಎಂಬ ಮಾತು. ಕಾರಣವಿಲ್ಲದೆ ಒಲ್ಲೆ ಎನ್ನುವುದು ಅಪರಾಧ. ಆದರೂ ಅಂಗಡಿಯವರು ಪೊಲೀಸರು ಬರುವುದನ್ನು ಕಂಡರೆ ಒಳಗೆ ಸರಿದುಬಿಡುತ್ತಾರೆ. ಇಂದು ಹಾಕಿದ ಸಹಿಗೆ ಕೋರ್ಟಿನ ಸಮನ್ಸ್ ವರ್ಷಗಳ ಮೇಲೆ ಬರುತ್ತದೆ. ಅಷ್ಟರಲ್ಲಿ ನೆನಪು ಮಾಸಿರುತ್ತದೆ, ಆರೋಪಿ ಊರಿನವನೇ ಆಗಿದ್ದರೆ ಮನಸ್ಸೂ ಬದಲಾಗಿರುತ್ತದೆ.

ಜ್ಯೂರಿಯಲ್ಲಿ ನಿಜವಾಗಿ ಕೂರುವ ತುಮಕೂರು ಮೂಲದವರು ಈಗ ಅಮೆರಿಕದಲ್ಲಿ ಸಿಗುತ್ತಾರೆ. ಅಲ್ಲಿ ಮದುವೆಗೂ ಸಾಮಾನ್ಯವಾಗಿ ಕೌಂಟಿ ಕಚೇರಿಯ ಲೈಸೆನ್ಸ್ ಬೇಕು. ಜ್ಯೂರಿಯ ಕರೆಗೆ ಅರ್ಹರು ಅಲ್ಲಿನ ಪೌರರು ಮಾತ್ರ. 1955ರ ಪೌರತ್ವ ಕಾಯ್ದೆಯ ಪ್ರಕಾರ ಬೇರೆ ದೇಶದ ಪೌರತ್ವ ಪಡೆದ ಕೂಡಲೇ ಭಾರತದ್ದು ಹೋಗುತ್ತದೆ. ಆಮೇಲೆ ಭಾರತದ ಪಾಸ್‌ಪೋರ್ಟನ್ನು ರಾಯಭಾರ ಕಚೇರಿಗೆ ಒಪ್ಪಿಸಿ ರದ್ದು ಮಾಡಿಸಬೇಕು.