ಮಡಚುವ ಚಾಕು: ಒರೆಯಿಂದ ಫ್ರೇಮ್ ಲಾಕ್‌ವರೆಗೆ

ಮಡಚುವ ಚಾಕುವಿನ ಹಿಡಿಯೇ ಅದರ ಅಗುಳಿಯೂ ಆಗಿರುವ ರಚನೆಗೆ ಫ್ರೇಮ್ ಲಾಕ್ ಎಂದು ಹೆಸರು. ಬಿಡಿಸಿದ ಅಲಗು ಕೆಲಸದ ನಡುವೆ ಬೆರಳಿನ ಮೇಲೆ ಮಡಚಿಕೊಳ್ಳದಂತೆ ತಡೆಯುವುದೇ ಈ ಅಗುಳಿಯ ಕೆಲಸ. ಇಂದು ಕಡಿಮೆ ಬೆಲೆಯ ಜೇಬುಚಾಕುಗಳಲ್ಲೂ ಇದು ಸಿಗುತ್ತದೆ.

ಕನ್ನಡ ನಾಡಿನಲ್ಲಿ ಮೈಮೇಲೆ ಧರಿಸುವ, ಮಡಚದ ಕತ್ತಿಗೆ ಒರೆಯೇ ರಕ್ಷಣೆಯಾಗಿತ್ತು. ಕೊಡವರ ಪೀಚೆ ಕತ್ತಿಯನ್ನು ಇಂದಿಗೂ ಒರೆಸಮೇತ ಚೇಲೆ ಎಂಬ ಸೊಂಟದ ವಸ್ತ್ರಕ್ಕೆ ಸಿಕ್ಕಿಸುತ್ತಾರೆ. ಇಲ್ಲಿ ಅಲಗಿನ ಲೋಹಕ್ಕೆ ಕೊರತೆಯಿರಲಿಲ್ಲ. ಜಗತ್ತಿಗೆ ಪರಿಚಿತವಾದ ‘ವೂಟ್ಜ್’ ಎಂಬ ಉಕ್ಕಿನ ಹೆಸರು ‘ಉಕ್ಕು’ ಎಂಬ ಪದದಿಂದಲೇ ಬಂದಿತೆಂಬುದು ಬಹುಮಾನ್ಯ ಅಭಿಪ್ರಾಯ. 1800ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್, ಇಲ್ಲಿನ ಉಕ್ಕಿನ ಕುಲುಮೆಗಳನ್ನೂ ಚನ್ನಪಟ್ಟಣದ ಉಕ್ಕಿನ ತಂತಿಯನ್ನೂ ವರ್ಣಿಸಿದ್ದಾನೆ.

ಒರೆಯ ಬದಲು ಅಲಗನ್ನು ಹಿಡಿಯೊಳಗೇ ಅಡಗಿಸುವ ಮಡಚುವ ಚಾಕು ರೋಮನ್ನರ ಕಾಲದಲ್ಲೇ ಇತ್ತು. ಅದನ್ನು ಬಿಡಿಸಿದ ಮೇಲೆ ಗಟ್ಟಿಯಾಗಿ ನಿಲ್ಲಿಸುವುದೇ ಉಳಿದಿದ್ದ ಸಮಸ್ಯೆ. ಫ್ರಾನ್ಸಿನಲ್ಲಿ 1890ರಿಂದ ತಯಾರಾಗುತ್ತಿದ್ದ ಒಪಿನೆಲ್ ಚಾಕುವಿಗೆ 1955ರಲ್ಲಿ ತಿರುಗುವ ಉಂಗುರದ ಅಗುಳಿ ಬಂತು. ಅಮೆರಿಕದ ಬಕ್ 110 ಚಾಕು 1960ರ ದಶಕದಲ್ಲಿ ಹಿಡಿಯ ಬೆನ್ನಿನ ಅಗುಳಿಯನ್ನು ಜನಪ್ರಿಯಗೊಳಿಸಿತು. 1980ರ ದಶಕದ ಆರಂಭದಲ್ಲಿ ಚಾಕು ತಯಾರಕ ಮೈಕಲ್ ವಾಕರ್, ಹಿಡಿಯೊಳಗಿನ ತೆಳು ತಗಡೇ ಅಲಗಿಗೆ ಆನಿಕೆಯಾಗುವ ಲೈನರ್ ಲಾಕನ್ನು ಈಗಿನ ರೂಪಕ್ಕೆ ತಂದರು. ಆ ತಗಡನ್ನೂ ಕೈಬಿಟ್ಟು, ಹಿಡಿಯ ದಪ್ಪ ಫಲಕವನ್ನೇ ಅಗುಳಿಯಾಗಿಸಿದವರು ದಕ್ಷಿಣ ಆಫ್ರಿಕಾ ಮೂಲದ ಕ್ರಿಸ್ ರೀವ್. ಅವರ ಟೈಟೇನಿಯಂ ಹಿಡಿಯ ‘ಸೆಬೆಂಜಾ’ ಚಾಕುವಿನ ಹೆಸರಿಗೆ ಜುಲು ಭಾಷೆಯಲ್ಲಿ ‘ಕೆಲಸ’ ಎಂದರ್ಥ.

ಫ್ರೇಮ್ ಲಾಕಿನ ಕ್ರಮ ಸರಳ. ಹಿಡಿಯ ಒಂದು ಫಲಕದಲ್ಲಿ ಉದ್ದಕ್ಕೆ ಸೀಳು ಕೊಯ್ದು, ಬಿಡಿಯಾದ ಪಟ್ಟಿಯನ್ನು ಕೊಂಚ ಒಳಕ್ಕೆ ಬಾಗಿಸಿರುತ್ತಾರೆ. ಅಲಗು ಪೂರ್ತಿ ತೆರೆದೊಡನೆ ಪಟ್ಟಿ ಒಳಕ್ಕೆ ಚಿಮ್ಮಿ ಅದರ ಬುಡಕ್ಕೆ ಆನಿಕೊಳ್ಳುತ್ತದೆ. ಹಿಡಿಯನ್ನು ಬಿಗಿದಷ್ಟೂ ಬೆರಳುಗಳು ಪಟ್ಟಿಯನ್ನು ಒಳಕ್ಕೇ ಒತ್ತುತ್ತವೆ. ಮಡಚಲು ಹೆಬ್ಬೆರಳಿನಿಂದ ಪಟ್ಟಿಯನ್ನು ಪಕ್ಕಕ್ಕೆ ಸರಿಸಬೇಕು. ಬಲಗೈಗೆಂದು ಮಾಡಿದ ಇಂಥ ಚಾಕು ಎಡಚರಿಗೆ ಅಷ್ಟು ಒಗ್ಗುವುದಿಲ್ಲ.

ಬಿಡಿಭಾಗಗಳು ಕಡಿಮೆಯಾದ್ದರಿಂದ ಈ ರಚನೆ ಅಗ್ಗದ ತಯಾರಿಕೆಗೂ ಹೊಂದಿಕೊಂಡಿತು. ಟೈಟೇನಿಯಂ ಬದಲು ಸ್ಟೇನ್‌ಲೆಸ್ ಸ್ಟೀಲ್ ಫಲಕ ಬಂತು. ಚೀನಾದ ಯಾಂಗ್‌ಜಿಯಾಂಗ್ ನಗರದ ಕಾರ್ಖಾನೆಗಳು ಬೆಲೆಯನ್ನು ಇಳಿಸಿದವು. ಇಂಥ ಅಗ್ಗದ ಚಾಕುಗಳ ಅಲಗಿಗೆ ಹೆಚ್ಚಾಗಿ ಬಳಸುವ 8ಸಿಆರ್13ಎಂಒವಿ ಉಕ್ಕಿನ ಗುಣ ಹೆಸರಿನಲ್ಲೇ ಇದೆ: ಇಂಗಾಲ ಸುಮಾರು ಶೇ. 0.8, ಕ್ರೋಮಿಯಂ ಸುಮಾರು ಶೇ. 13. ಇದಕ್ಕೆ ಬೇಗ ತುಕ್ಕು ಹಿಡಿಯುವುದಿಲ್ಲ, ಸಾಣೆಗೂ ಸುಲಭವಾಗಿ ಒಗ್ಗುತ್ತದೆ. ಆದರೆ ದುಬಾರಿ ಉಕ್ಕಿಗಿಂತ ಬೇಗ ಮೊಂಡಾಗುತ್ತದೆ. ಹಣ ಉಳಿಸಲು ಹೋಗಿ ಎರಡು ಕಡೆ ಮಾತ್ರ ರಾಜಿಯಾಗಬಾರದು: ಉಕ್ಕಿನ ಹದ, ಅಗುಳಿಯ ಆನಿಕೆ. ಬಿಡಿಸಿದ ಅಲಗು ಅಲ್ಲಾಡಿದರೆ ಅಥವಾ ಅದರ ಬೆನ್ನಿನ ಮೇಲೆ ಮೆಲ್ಲನೆ ಒತ್ತಿದಾಗ ಅಗುಳಿ ಜಾರಿದರೆ ಆ ಚಾಕು ಎಷ್ಟೇ ಅಗ್ಗವಾದರೂ ಬೇಡ.

ಮೈಸೂರಿನ ಗೋಕುಲಂನಂಥ ಬಡಾವಣೆಯಲ್ಲಿ ಜೇಬುಚಾಕುವಿನ ಕೆಲಸ ಸಣ್ಣದು: ಪಾರ್ಸೆಲ್ಲಿನ ಟೇಪು ಸೀಳುವುದು, ಹುರಿ ಕತ್ತರಿಸುವುದು, ಸೀಬೆಹಣ್ಣು ಹೋಳು ಮಾಡುವುದು. ಎಳನೀರು ಕೊಚ್ಚಲು ಮಚ್ಚೇ ಬೇಕು. ಏಟಿನ ಕೆಲಸಕ್ಕೆ ಮಡಚುವ ಕೀಲು ತಾಳುವುದಿಲ್ಲ. ಭಾರತದ ಶಸ್ತ್ರಾಸ್ತ್ರ ನಿಯಮಗಳು 9 ಅಂಗುಲಕ್ಕಿಂತ ಉದ್ದ ಅಥವಾ 2 ಅಂಗುಲಕ್ಕಿಂತ ಅಗಲ ಅಲಗಿನ ಚಾಕುಗಳನ್ನು ಆಯುಧಗಳ ಸಾಲಿಗೆ ಸೇರಿಸುತ್ತವೆ. ಮನೆ, ಕೃಷಿ, ಕೈಗಾರಿಕೆಗಳ ಬಳಕೆಗೆಂದೇ ಮಾಡಿದವಕ್ಕೆ ವಿನಾಯಿತಿ ಇದೆ. ಸಾಮಾನ್ಯ ಜೇಬುಚಾಕುವಿನ ಅಲಗು 3 ಅಂಗುಲದ ಆಸುಪಾಸಿನದು. ಹಾಗಿದ್ದೂ ಯೋಗ ಕಲಿಯಲು ಗೋಕುಲಂಗೆ ಬಂದು ವಿಮಾನದಲ್ಲಿ ಮರಳುವವರು ಅದನ್ನು ಕೈಚೀಲದಲ್ಲಿ ಒಯ್ಯುವಂತಿಲ್ಲ.

ಜೇಬಿನ ಧೂಳು ಕೀಲಿನಲ್ಲಿ ಸೇರದಂತೆ ಆಗಾಗ ಒರೆಸಿ, ಒಂದು ಹನಿ ಎಣ್ಣೆ ಬಿಟ್ಟರೆ ಸಾಕು. ಅಲಗನ್ನು ವೇಗವಾಗಿ ತಿರುಗುವ ಒಣ ಸಾಣೆಚಕ್ರಕ್ಕೆ ಹಿಡಿದರೆ ತೆಳು ಅಂಚು ಕಾದು ಹದ ಕೆಡುತ್ತದೆ. ನೀರು ಹಾಕಿದ ಸಾಣೆಕಲ್ಲಿನ ಮೇಲೆ ನಿಧಾನವಾಗಿ ಮಸೆಯುವುದೇ ಮೇಲು.